ಹೆಸರು ಬಲ್ಲವರು, ದಾರಿ ಬಲ್ಲವರು



ಬ್ಯಾಕ್ಟೀರಿಯಾ ಮತ್ತು ಅವು ತರುವ ಕಾಯಿಲೆಗಳ ಬಗ್ಗೆ ಎಲ್ಲರಿಗೂ ತಿಳಿಯುವಂತೆ ಮಾತಾಡಿ ಎಂದು ಸಂಘಟಕರು ಕೇಳಿದರು. ಸೋಂಕು, ವಾಹಕ, ನಂಜು, ಪ್ರತಿಕಾಯ ಎಂದು ಪಾರಿಭಾಷಿಕ ಪದಗಳ ಪಟ್ಟಿ ಹಿಡಿದುಕೊಂಡು ಒಂದೊಂದಕ್ಕೂ ಅರ್ಥ ಹೇಳುತ್ತಾ ಹೋದರೆ ಅರ್ಧ ಗಂಟೆಯಲ್ಲಿ ನೀವು ಆಕಳಿಸುತ್ತೀರಿ, ಆಮೇಲೆ ನಾನೂ ಆಕಳಿಸುತ್ತೇನೆ. ಬದಲಿಗೆ ನಾವು ಕೂತಿರುವ ಹಲಸೂರಿನ ಈ ನೆಲದ ಮೇಲೆಯೇ ಓಡಾಡಿದ ಒಂದು ಬ್ಯಾಕ್ಟೀರಿಯಾದ ಕತೆ ಹೇಳುತ್ತೇನೆ. ಪದಗಳು ಅದರ ಜೊತೆಗೇ ಬರುತ್ತವೆ.

ನಾನು ಹೇಳಬೇಕಾದ್ದು ಇಷ್ಟೇ. ಸೋಂಕಿನ ವಿಷಯದಲ್ಲಿ ಎರಡು ಬಗೆಯ ತಿಳಿವಳಿಕೆ ಇದೆ. ಯಾವ ಸೂಕ್ಷ್ಮಾಣು ಎಂದು ಹೆಸರು ಹಿಡಿದು ಹೇಳುವುದು ಒಂದು. ಅದು ಯಾವ ದಾರಿಯಲ್ಲಿ ಮನೆಯೊಳಗೆ ಬರುತ್ತದೆ ಎಂದು ತಿಳಿದಿರುವುದು ಇನ್ನೊಂದು. ಇವೆರಡೂ ಒಬ್ಬರ ಬಳಿಯೇ ಇರುವುದಿಲ್ಲ, ಒಂದೇ ಕಾಲಕ್ಕೆ ಬರುವುದೂ ಇಲ್ಲ. ಹೆಸರು ಬಲ್ಲವರು ದಾರಿ ಬಲ್ಲವರ ಮಾತಿಗೆ ಕಿವಿಗೊಡದೆ ಹೋದಾಗ ಏನಾಗುತ್ತದೆ ಎನ್ನುವುದಕ್ಕೆ 1898ರ ಪ್ಲೇಗಿನ ಬೆಂಗಳೂರಿಗಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ. ಜಪಾನಿನ ಕಿಟಸಾಟೊ ಕೂಡ ಅದೇ ಹೊತ್ತಿಗೆ ಅಲ್ಲೇ ಹುಡುಕುತ್ತಿದ್ದ. ಕೊನೆಗೆ ನಿಂತದ್ದು ಯೆರ್ಸಿನ್ ಹೆಸರು. ಅದನ್ನು ಇಂದು ಯೆರ್ಸೀನಿಯ ಪೆಸ್ಟಿಸ್ ಎನ್ನುತ್ತೇವೆ. ರೋಗಿಯ ತೊಡೆಸಂದಿಯಲ್ಲೋ ಕಂಕುಳಲ್ಲೋ ಎದ್ದ ಗಡ್ಡೆಯಿಂದ ಸೂಜಿಯಲ್ಲಿ ಒಂದು ತೊಟ್ಟು ರಸ ಎಳೆದು, ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಿಡ್ಡ ಕಡ್ಡಿಗಳು ಕಾಣುತ್ತವೆ. ಉದ್ದ ಒಂದೆರಡು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಎರಡೂ ತುದಿಯಲ್ಲಿ ಬಣ್ಣ ಗಾಢವಾಗಿ ಹಿಡಿದು ನಡುವೆ ತೆಳುವಾಗಿರುತ್ತದೆ, ಮುಚ್ಚಿದ ಸೇಫ್ಟಿ ಪಿನ್ನಿನ ಹಾಗೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

1896ರಲ್ಲಿ ರೋಗ ಮುಂಬಯಿಗೆ ಬಂತು. 1897ರ ಜನವರಿ 10ರಂದು ವಾಲ್ಡೆಮಾರ್ ಹಾಫ್‌ಕಿನ್ ತಾನೇ ತಯಾರಿಸಿದ ಪ್ಲೇಗು ಲಸಿಕೆಯನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಫೆಬ್ರವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಮನೆಗೆ ನುಗ್ಗುವುದಕ್ಕೆ, ಸಾಮಾನು ಸುಡುವುದಕ್ಕೆ, ರೈಲಿನಿಂದ ಇಳಿಸುವುದಕ್ಕೆ, ರೋಗಿಯನ್ನು ಎತ್ತಿಕೊಂಡು ಹೋಗುವುದಕ್ಕೆ ಅಧಿಕಾರ ಕೊಟ್ಟ ಕಾಯಿದೆ ಅದು. ಕೋವಿಡ್ ಕಾಲದಲ್ಲಿ ನಮ್ಮ ಮೇಲೆ ಹೂಡಿದ್ದೂ ಅದೇ ಕಾಯಿದೆಯನ್ನೇ. ಹುಬ್ಬಳ್ಳಿ ಧಾರವಾಡದ ಕಡೆ ಹಬ್ಬಿದ ರೋಗ 1898ರ ಆಗಸ್ಟಿನಲ್ಲಿ ರೈಲುದಾರಿ ಹಿಡಿದು ಬೆಂಗಳೂರಿಗೆ ಬಂತು.

ಆಗ ಬೆಂಗಳೂರು ಒಂದಲ್ಲ, ಎರಡು. ಪೇಟೆಯ ಕಡೆ ಮೈಸೂರು ಸಂಸ್ಥಾನದ ಆಡಳಿತ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲ. ಕಬ್ಬನ್ ಪಾರ್ಕಿನಿಂದ ಈಚೆಗೆ, ಅಂದರೆ ನಮ್ಮ ಹಲಸೂರು, ಇಂದು ಶಿವಾಜಿನಗರ ಎನ್ನುವ ಬ್ಲ್ಯಾಕ್‌ಪಳ್ಳಿ ಇವೆಲ್ಲ ಬ್ರಿಟಿಷ್ ರೆಸಿಡೆಂಟರ ಕೈಕೆಳಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ನಡುವೆ ಉದ್ಯಾನ ಇತ್ತು, ಆಡಳಿತದ ಗೆರೆ ಇತ್ತು. ಎರಡೂ ಕಡೆ ಬೇರೆ ಬೇರೆ ಅಧಿಕಾರಿಗಳು, ಬೇರೆ ಬೇರೆ ಆಜ್ಞೆಗಳು. ಸಂಸ್ಥಾನದಲ್ಲಿ ಮುಂದೆ ದಿವಾನರಾದ ವಿ.ಪಿ. ಮಾಧವರಾಯರೇ ಪ್ಲೇಗು ಕಮಿಷನರ್ ಆದರು. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಸರಕಾರಿ ಕೆಲಸ ನಿರಾಕರಿಸಲ್ಪಟ್ಟು ಮೈಸೂರಿನ ಸೇವೆಗೆ ಬಂದಿದ್ದ ಡಾ. ಪಲ್ಪು ಬೆಂಗಳೂರಿನ ಪ್ಲೇಗು ಶಿಬಿರವನ್ನು ನೋಡಿಕೊಂಡರು. ತಮ್ಮ ನಾಡು ಬೇಡವೆಂದ ವೈದ್ಯ ನಮ್ಮ ಊರಿನ ರೋಗಿಗಳ ನಡುವೆ ನಿಂತ ಈ ಸಂಗತಿ ಬೆಂಗಳೂರಿಗರಿಗೆ ಹೆಚ್ಚು ಗೊತ್ತಿಲ್ಲ. ಕೇರಳದವರು ಅವರನ್ನು ಚೆನ್ನಾಗಿ ನೆನೆಯುತ್ತಾರೆ.

ಅಧಿಕಾರಿಗಳ ಕೈಯಲ್ಲಿ ಯೆರ್ಸಿನ್ ಕೊಟ್ಟ ಹೆಸರು ಇತ್ತು. ಬ್ಯಾಕ್ಟೀರಿಯಾ ಎಂದ ಮೇಲೆ ಅದು ಕೊಳಕಿನಲ್ಲಿ, ನೆಲದಲ್ಲಿ, ಬಟ್ಟೆಯಲ್ಲಿ, ಗಾಳಿಯಲ್ಲಿ ಇರಬೇಕು. ಹಾಗಾಗಿ ಅವನ್ನೆಲ್ಲ ತೊಳೆದುಬಿಡೋಣ ಎಂಬುದು ಅವರ ತರ್ಕ. ರೋಗ ಕಂಡ ಮನೆಯ ಹೆಂಚು ತೆಗೆಸಿ ಬಿಸಿಲು ಬೀಳಿಸಿದರು. ಪಾದರಸದ ದ್ರಾವಣವನ್ನು ಗೋಡೆ ನೆಲಕ್ಕೆಲ್ಲ ಎರಚಿದರು, ಸುಣ್ಣ ಬಳಿದರು, ಹಾಸಿಗೆ ಬಟ್ಟೆ ಸುಟ್ಟರು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಪ್ರತ್ಯೇಕ ಶಿಬಿರಕ್ಕೂ ಒಯ್ದರು. ತರ್ಕದಲ್ಲಿ ತಪ್ಪಿರಲಿಲ್ಲ, ಆದರೆ ಬ್ಯಾಕ್ಟೀರಿಯಾ ಅಲ್ಲಿರಲಿಲ್ಲ. ನೆಲ ತೊಳೆದದ್ದರಿಂದ ನೆಲ ಶುದ್ಧವಾಯಿತು ಅಷ್ಟೆ. ಮನೆಯ ಮಾಡು ಕಿತ್ತಾಗ ಅಲ್ಲಿದ್ದ ಇಲಿಗಳು ಪಕ್ಕದ ಮನೆಯ ಮಾಡು ಸೇರಿದವು.

ಜನ ಸಿಟ್ಟಾದರು. ಹೆಂಗಸರ ಕಂಕುಳು ತೊಡೆಸಂದಿಗಳನ್ನು ಹೊರಗಿನ ಗಂಡಸು ಮುಟ್ಟಿ ನೋಡುವುದನ್ನು ಯಾವ ಮನೆ ಸಹಿಸುತ್ತದೆ? ಹೆಣಗಳನ್ನು ಬಚ್ಚಿಟ್ಟರು, ರೋಗಿಗಳನ್ನು ಅಟ್ಟದ ಮೇಲೆ ಅಡಗಿಸಿದರು. ಪುಣೆಯಲ್ಲಿ 1897ರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ಆಯಿತು. ನಮ್ಮಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರಲ್ಲಿ ಜನ ದಂಗೆ ಎದ್ದರು. ಇದನ್ನೆಲ್ಲ ಆಗಿನ ವರದಿಗಳು ಅಜ್ಞಾನ, ಮೂಢನಂಬಿಕೆ ಎಂದು ಬರೆದವು. ಪ್ಲೇಗಿನ ಅಮ್ಮನಿಗೆ ಗುಡಿ ಕಟ್ಟಿದವರನ್ನು ಇಂದಿಗೂ ನಾವು ಹಾಗೇ ನೋಡಿ ನಗುತ್ತೇವೆ.

ಆದರೆ ಅದೇ ಜನಕ್ಕೆ ಇನ್ನೊಂದು ವಿಷಯ ಗೊತ್ತಿತ್ತು. ನಿಮ್ಮಲ್ಲಿ ಹಿರಿಯರು ಮನೆಯಲ್ಲಿ ಕೇಳಿರುತ್ತೀರಿ: ಇಲಿ ಬಿತ್ತು ಎಂದರೆ ಊರು ಬಿಡಬೇಕು. ಮಾಡಿನಿಂದ ಇಲಿ ತಾನಾಗಿ ಉದುರಿ ಅಂಗಳದಲ್ಲಿ ಸುತ್ತಿ ಸತ್ತಿತೆಂದರೆ ಆ ಸಂಜೆಯೇ ಪಾತ್ರೆ ಪಡಗ ಕಟ್ಟಿಕೊಂಡು ಹೊಲದಲ್ಲಿ, ತೋಪಿನಲ್ಲಿ ಸೋಗೆಯ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಎಷ್ಟೋ ಮನೆತನಗಳು ತಮ್ಮ ಹಿರಿಯರ ಮದುವೆ, ಹೆರಿಗೆಗಳ ವರ್ಷ ಹೇಳುವಾಗ ಊರು ಬಿಟ್ಟ ವರ್ಷ ಎಂದೇ ಲೆಕ್ಕ ಹಾಕುತ್ತಿದ್ದವು. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ ಇಲಿಗಳು ಸಾಯುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ, ಅಗ್ರಹಾರದವರು ಮಾತ್ರ ಹೆಣದ ಸಂಸ್ಕಾರದ ಪ್ರಶ್ನೆಯಲ್ಲೇ ಮುಳುಗಿರುತ್ತಾರೆ. ಕಾದಂಬರಿಗೆ ಅದು ಬೇಕಾಗಿತ್ತು. ವಾಸ್ತವದಲ್ಲಿ ನಮ್ಮ ರೈತರು ಅಷ್ಟು ಹೊತ್ತು ಕಾಯುತ್ತಿರಲಿಲ್ಲ, ಇಲಿ ಬಿದ್ದ ಕೂಡಲೇ ಹೊರಡುತ್ತಿದ್ದರು. ಬ್ಯಾಕ್ಟೀರಿಯಾ ಎಂಬುದೊಂದು ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ದಾರಿ ಗೊತ್ತಿತ್ತು, ಅದೂ ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಉಳಿದ ಕಾಲು ಪಾಲನ್ನು ತುಂಬಿದವನು ಪಾಲ್-ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ. 1898ರ ಜೂನ್ 2ರಂದು, ಅಂದರೆ ಬೆಂಗಳೂರಿಗೆ ರೋಗ ಬರುವ ಎರಡು ತಿಂಗಳ ಮೊದಲು, ಕರಾಚಿಯ ಒಂದು ಹೋಟೆಲಿನಲ್ಲಿ ಅವನು ಒಂದು ಪ್ರಯೋಗ ಮಾಡಿದ. ಪ್ಲೇಗು ಹಿಡಿದ, ಮೈತುಂಬ ಚಿಗಟವಿದ್ದ ಇಲಿಯನ್ನು ದೊಡ್ಡ ಗಾಜಿನ ಜಾಡಿಯೊಳಗೆ ಬಿಟ್ಟ. ಅದು ಸಾಯುವ ಸ್ಥಿತಿಗೆ ಬಂದಾಗ ಒಂದು ಆರೋಗ್ಯವಂತ ಇಲಿಯನ್ನು ಜಾಲರಿಯ ಗೂಡಿನಲ್ಲಿಟ್ಟು ಒಳಗೆ ಇಳಿಬಿಟ್ಟ. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ, ಚಿಗಟ ಮಾತ್ರ ಹಾರಿ ಹೋಗಬಹುದಿತ್ತು. ಕೆಲವು ದಿನಗಳಲ್ಲಿ ಎರಡನೆಯ ಇಲಿಗೂ ಪ್ಲೇಗು ಬಂತು. ಚಿಗಟವಿಲ್ಲದ ಇಲಿಗಳನ್ನು ಹಾಗೇ ಇಟ್ಟಾಗ ಬರಲಿಲ್ಲ.

ಈಗ ಹಳ್ಳಿಯವರು ಕಂಡದ್ದನ್ನು ಇದರ ಪಕ್ಕ ಇಟ್ಟು ನೋಡಿ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟಗಳು ಬಿಸಿ ರಕ್ತ ಹುಡುಕಿಕೊಂಡು ಅದನ್ನು ಬಿಟ್ಟು ಹಾರುತ್ತವೆ. ಇನ್ನೊಂದು ಇಲಿ ಸಿಕ್ಕರೆ ಸರಿ, ಇಲಿಗಳೆಲ್ಲ ಸತ್ತಿದ್ದರೆ ಮನುಷ್ಯನೇ ಗತಿ. ಆ ಹೊತ್ತಿಗೆ ಮನೆಯಲ್ಲಿ ಮನುಷ್ಯ ಇಲ್ಲದಿದ್ದರೆ ಚಿಗಟ ಉಪವಾಸ. ಊರು ಬಿಡುವುದರ ಹಿಂದಿನ ವಿಜ್ಞಾನ ಇದೇ. ಚಿಗಟದೊಳಗೆ ನಡೆಯುವುದು ಇನ್ನೂ ಸ್ವಾರಸ್ಯ, ಅದನ್ನು 1914ರಲ್ಲಿ ಬೇಕಾಟ್ ಮತ್ತು ಮಾರ್ಟಿನ್ ಕಂಡುಹಿಡಿದರು. ನುಂಗಿದ ಬ್ಯಾಕ್ಟೀರಿಯಾಗಳು ಚಿಗಟದ ಹೊಟ್ಟೆಯ ಬಾಗಿಲಲ್ಲಿ ಬೆಳೆದು ಬಿರಡೆ ಕಟ್ಟುತ್ತವೆ. ಚಿಗಟ ರಕ್ತ ಹೀರುತ್ತದೆ, ರಕ್ತ ಒಳಗೆ ಇಳಿಯುವುದಿಲ್ಲ. ಹಸಿವು ತಾಳದೆ ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ಹೀರಿದ ರಕ್ತ ಬಿರಡೆಗೆ ತಾಗಿ, ಬ್ಯಾಕ್ಟೀರಿಯಾ ಬೆರೆಸಿಕೊಂಡು, ಕಚ್ಚಿದ ಗಾಯಕ್ಕೇ ವಾಪಸು ಬರುತ್ತದೆ.

ಸಿಮಾಂಡನ ಮಾತನ್ನು ಯಾರೂ ನಂಬಲಿಲ್ಲ. ಎಡಿನ್‌ಬರೋದ ಪ್ರಾಧ್ಯಾಪಕ ಟಿ.ಆರ್. ಫ್ರೇಸರ್ ಅಧ್ಯಕ್ಷತೆಯ ಭಾರತೀಯ ಪ್ಲೇಗು ಆಯೋಗ ಊರೂರು ಸುತ್ತಿ ಸಾಕ್ಷಿ ಕೇಳಿ ಚಿಗಟದ ವಾದವನ್ನು ತಳ್ಳಿಹಾಕಿತು. ಮುಂಬಯಿಯಲ್ಲಿ ಗ್ಲೆನ್ ಲಿಸ್ಟನ್, ಆಮೇಲೆ 1905ರಿಂದ ಕೆಲಸ ಮಾಡಿದ ಹೊಸ ಸಂಶೋಧಕರ ತಂಡ ಮತ್ತೆ ಮತ್ತೆ ತೋರಿಸಿದ ಮೇಲೆಯೇ ಅದು ಒಪ್ಪಿತವಾದದ್ದು. ಇಷ್ಟರಲ್ಲಿ ಇನ್ನೊಬ್ಬ ಫ್ರೇಸರ್ ನಮ್ಮ ಕಡೆ ಬಂದರು: ಮೈಸೂರಿನ ರೆಸಿಡೆಂಟ್ ಸ್ಟುವರ್ಟ್ ಫ್ರೇಸರ್. ಕಂಟೋನ್ಮೆಂಟಿನ ಇಕ್ಕಟ್ಟಾದ ಓಣಿಗಳಿಂದ ಜನರನ್ನು ಹೊರತರಲು ಕಟ್ಟಿದ ಬಡಾವಣೆಗೆ ಅವರ ಹೆಸರಿಟ್ಟರು. 1906ರಲ್ಲಿ ಕೆಲಸ ಶುರುವಾಗಿ 1910ರ ಹೊತ್ತಿಗೆ ಫ್ರೇಸರ್ ಟೌನ್ ತಲೆಯೆತ್ತಿತು. ಅದನ್ನು ರೂಪಿಸಿದ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಪ್ಲೇಗು ತಡೆಯುವ ನಗರ ಯೋಜನೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಲ್ಲಿನ ಸ್ಟೀಫನ್ಸ್ ರಸ್ತೆ ಅವರದೇ ಹೆಸರು. ಇಲಿ ಬಿಲ ತೋಡಲಾಗದ ಅಡಿಪಾಯ, ಗಟ್ಟಿ ನೆಲ, ಗಾಳಿ ಬೆಳಕಿಗೆ ಜಾಗ. ಒಬ್ಬ ಫ್ರೇಸರ್ ತಳ್ಳಿಹಾಕಿದ ಮಾತನ್ನು ಇನ್ನೊಬ್ಬ ಫ್ರೇಸರ್ ಹೆಸರಿನ ಊರು ಕಲ್ಲು ಗಾರೆಯಲ್ಲಿ ಒಪ್ಪಿಕೊಂಡಿತು. ಈಗ ಅದು ಪುಲಕೇಶಿನಗರ. ರಂಜಾನಿನ ರಾತ್ರಿ ಮಾಸ್ಕ್ ರೋಡಿಗೆ ಹೋಗುವವರು ಹಲೀಮಿನ ಅಂಗಡಿ ಹುಡುಕುತ್ತಾರೆ, ಅಡಿಪಾಯವನ್ನು ನೋಡುವವರು ಕಡಿಮೆ.

ಇಲ್ಲೊಂದು ಮಾತು. ಮಲ್ಲೇಶ್ವರ, ಬಸವನಗುಡಿಗಳು ಪ್ಲೇಗಿನಿಂದಲೇ ಹುಟ್ಟಿದವು ಎಂದು ಎಲ್ಲರೂ ಹೇಳುತ್ತಾರೆ. ಅವುಗಳ ಯೋಜನೆ 1892ರ ಹೊತ್ತಿಗೇ ಆಗಿತ್ತು. ಪ್ಲೇಗು ಅವಸರಪಡಿಸಿತು ಅಷ್ಟೆ. ಬ್ಯಾಕ್ಟೀರಿಯಾದ ಮೇಲೆಯೇ ಊರು ಕಟ್ಟಿದ್ದೆಂದು ನಿಜವಾಗಿ ಹೇಳಬಹುದಾದ್ದು ಪೂರ್ವದ ನಮ್ಮ ಫ್ರೇಸರ್ ಟೌನನ್ನು.

ಪ್ಲೇಗು ಮುಗಿದ ಕತೆಯಲ್ಲ. ಹಲಸೂರಿನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರ, ಹೊಸಕೋಟೆ, ಕೋಲಾರ ದಾಟಿದರೆ ಮುಳಬಾಗಿಲು. 1966ರಲ್ಲಿ ಅಲ್ಲಿ ಪ್ಲೇಗು ಕಾಣಿಸಿತು. ಆಮೇಲೆ 1994ರವರೆಗೆ, ಅಂದರೆ ಬೀಡ್ ಮತ್ತು ಸೂರತ್‌ನಲ್ಲಿ ಗದ್ದಲವಾಗುವವರೆಗೆ, ದೇಶದಲ್ಲಿ ಎಲ್ಲೂ ಮನುಷ್ಯರಲ್ಲಿ ಖಚಿತವಾಗಿ ಕಂಡುಬರಲಿಲ್ಲ. ಹೊಲದ ಬಿಲಗಳಲ್ಲಿ ಇರುವ ಟಟೇರ ಇಂಡಿಕ ಎಂಬ ಕಾಡು ಇಲಿ ಈ ಬ್ಯಾಕ್ಟೀರಿಯಾದ ಹಳೆಯ ಆಸರೆ. ಅದಕ್ಕೇ ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಪ್ಲೇಗು ಕಣ್ಗಾವಲು ಘಟಕ ಇದೆ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಗಡಿ ಸೀಮೆಯಲ್ಲಿ ಇಲಿಗಳನ್ನು ಹಿಡಿದು, ನಾಯಿಗಳ ರಕ್ತ ತೆಗೆದು ನೋಡುವ ಕೆಲಸ ಅದರದು. ಇಲಿ ತಿನ್ನುವ ನಾಯಿಗೆ ರೋಗ ತಾಗಿದರೂ ಸಾಮಾನ್ಯವಾಗಿ ಅದು ಬದುಕುತ್ತದೆ, ರಕ್ತದಲ್ಲಿ ಪ್ರತಿಕಾಯ ಉಳಿಯುತ್ತದೆ. ಹಾಗಾಗಿ ಆ ಸೀಮೆಯ ಸುದ್ದಿಯನ್ನು ನಾಯಿಯ ರಕ್ತದಿಂದ ತಿಳಿಯಬಹುದು.

ದಾರಿ ಮೊದಲು, ಹೆಸರು ಆಮೇಲೆ ಎನ್ನುವುದಕ್ಕೆ ಕಾಲರಾ ಹಳೆಯ ಸಾಕ್ಷಿ. ಲಂಡನ್ನಿನಲ್ಲಿ 1854ರಲ್ಲಿ ಜಾನ್ ಸ್ನೋ ಯಾವ ಬ್ಯಾಕ್ಟೀರಿಯಾದ ಆಸರೆಯೂ ಇಲ್ಲದೆ, ಸತ್ತವರು ಯಾವ ಪಂಪಿನ ನೀರು ಕುಡಿದರು ಎಂದು ಮನೆಮನೆ ಕೇಳಿಯೇ ದಾರಿ ಹಿಡಿದ. ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತಾದಲ್ಲಿ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ನಮ್ಮ ಕಂಟೋನ್ಮೆಂಟಿಗೆ 1895ರಲ್ಲಿ ಕಾಲರಾ ಕೆಲಸಕ್ಕೆಂದು ಕಳಿಸಿದ್ದ ಒಬ್ಬ ಸೇನಾ ವೈದ್ಯನ ಮನಸ್ಸೆಲ್ಲ ಸೊಳ್ಳೆಯ ಮೇಲಿತ್ತು. ಅವನೇ ರೊನಾಲ್ಡ್ ರಾಸ್. ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಅವನು ಮಲೇರಿಯದ ದಾರಿ ಕಂಡುಹಿಡಿದ. ಮಲೇರಿಯ ಬ್ಯಾಕ್ಟೀರಿಯಾದ್ದಲ್ಲ, ಪರಾವಲಂಬಿ ಜೀವಿಯದು, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಕ್ಷಯದ ಮಾತು ಬಿಡುವ ಹಾಗಿಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಒಂದು ಅಪರೂಪದ ಕೆಲಸ ಮಾಡಿತು. ರೋಗಿಗಳು ಆಸ್ಪತ್ರೆಗೆ ಯಾಕೆ ಬರುವುದಿಲ್ಲ ಎಂದು ಎಲ್ಲರೂ ಗೊಣಗುತ್ತಿದ್ದ ಕಾಲ ಅದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಪ್ರಚಾರ ಮಾಡಬೇಕು ಎನ್ನುತ್ತಿದ್ದರು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಕೇಳಿದರು; 1963ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ರೋಗಿಗಳು ಕೆಮ್ಮು ಬಂದು ಆಗಲೇ ಆಸ್ಪತ್ರೆಗೆ ಹೋಗಿದ್ದರು! ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸಿದ್ದರು. ರೋಗಿ ಬಂದಿದ್ದ, ಗುರುತಿಸದೇ ಹೋದವರು ನಾವು, ವೈದ್ಯರು. ಹೊಸ ಕಟ್ಟಡ ಬೇಡ, ಇರುವ ಆಸ್ಪತ್ರೆಯಲ್ಲೇ ಕೆಮ್ಮುವವರ ಕಫವನ್ನು ನೋಡಿ ಎಂಬ ತತ್ವದ ಮೇಲೆ ದೇಶದ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಆ ಪ್ರಬಂಧವನ್ನು ವೈದ್ಯ ವಿದ್ಯಾರ್ಥಿಗಳು ಓದಲೇಬೇಕು ಎಂಬುದು ನನ್ನ ಹಟ.

ಇಂದಿನ ತೊಂದರೆ ಬೇರೆ. ಹೆಸರೇ ಅಗ್ಗವಾಗಿದೆ. ಮೂರು ದಿನ ಜ್ವರ ಬಂದರೆ ಬೀದಿಯ ಲ್ಯಾಬಿನಲ್ಲಿ ವಿಡಾಲ್ ಪರೀಕ್ಷೆ, ಸಂಜೆಗೆ ಟೈಫಾಯಿಡ್ ಎಂಬ ಚೀಟಿ. ವಿಡಾಲ್ 1896ರ ಪರೀಕ್ಷೆ. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ನಮ್ಮ ರಕ್ತದ ಪ್ರತಿಕಾಯವನ್ನು ಹುಡುಕುತ್ತದೆ. ಟೈಫಾಯಿಡ್ ಸಾಮಾನ್ಯವಾಗಿರುವ ನಮ್ಮಂಥ ಊರಿನಲ್ಲಿ ಆರೋಗ್ಯವಂತರ ರಕ್ತದಲ್ಲೂ ಹಳೆಯ ಸೋಂಕಿನ ಪ್ರತಿಕಾಯ ಅಷ್ಟಿಷ್ಟು ಇದ್ದೇ ಇರುತ್ತದೆ. ಬೇರೆ ಜ್ವರಗಳಲ್ಲೂ ಅದು ಮೇಲೇರಬಹುದು. ನಿಜವಾದ ಪರೀಕ್ಷೆ ಬ್ಲಡ್ ಕಲ್ಚರ್. ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆ, ದೊಡ್ಡವರಿಗಾದರೆ ಎಂಟು ಹತ್ತು ಮಿಲಿಲೀಟರ್ ರಕ್ತ ಪೋಷಕ ದ್ರವವಿರುವ ಬಾಟಲಿಗೆ ಹೋಗಬೇಕು.

ಆಮೇಲೆ ನಡೆಯುವುದನ್ನು ಒಮ್ಮೆ ನಿಮಗೆ ತೋರಿಸಬೇಕು ಅನಿಸುತ್ತದೆ. ಬಾಟಲಿಯಲ್ಲಿ ಬೆಳವಣಿಗೆ ಕಂಡ ಮೇಲೆ ಒಂದು ಹನಿ ತೆಗೆದು ಮ್ಯಾಕಾಂಕಿ ಎಂಬ ಗುಲಾಬಿ ಛಾಯೆಯ ತಟ್ಟೆಯ ಮೇಲೆ ಗೀರುತ್ತೇವೆ. ಮಾರನೇ ದಿನ ಸಾಲ್ಮೊನೆಲ್ಲ ಟೈಫಿ ಬಣ್ಣವಿಲ್ಲದ ಸಣ್ಣ ಚುಕ್ಕೆಗಳಾಗಿ ನಿಂತಿರುತ್ತದೆ. ಕರುಳಿನ ಬೇರೆ ಎಷ್ಟೋ ಬ್ಯಾಕ್ಟೀರಿಯಾಗಳು ಅಲ್ಲಿ ಕಡುಗುಲಾಬಿ. ಆ ಚುಕ್ಕೆಯನ್ನು ಇನ್ನೊಂದು ತಟ್ಟೆಯ ತುಂಬ ಹರಡಿ, ಅದರ ಮೇಲೆ ಒಂದೊಂದು ಔಷಧ ಹೀರಿದ ಕಾಗದದ ಬಿಲ್ಲೆಗಳನ್ನು ಇಟ್ಟು, ರಾತ್ರಿಯಿಡೀ 35 ಡಿಗ್ರಿ ಶಾಖದಲ್ಲಿ ಬಿಡುತ್ತೇವೆ. ಬೆಳಿಗ್ಗೆ ತೆಗೆದರೆ ಮಂಜು ಕವಿದಂತೆ ಬೆಳೆದ ಪದರದಲ್ಲಿ ಕೆಲವು ಬಿಲ್ಲೆಗಳ ಸುತ್ತ ಸ್ವಚ್ಛ ವೃತ್ತ. ಆ ಔಷಧ ನಾಟುತ್ತದೆ ಎಂದರ್ಥ. ವೃತ್ತದ ಅಗಲವನ್ನು ಸ್ಕೇಲಿಟ್ಟು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಇನ್ನು ಕೆಲವು ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದು ನಿಂತಿರುತ್ತದೆ. ಸಿಪ್ರೊಫ್ಲಾಕ್ಸಸಿನ್ ಬಿಲ್ಲೆಯ ಸುತ್ತ ನಮ್ಮ ದೇಶದ ಟೈಫಾಯಿಡ್ ತಳಿಗಳು ಇಂದು ಹೆಚ್ಚಾಗಿ ಹೀಗೆ ಜಗ್ಗದೆ ನಿಲ್ಲುತ್ತವೆ. ಆದರೂ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಬರುವುದು ಅದೇ ಮಾತ್ರೆ. ವಿಚಿತ್ರವೆಂದರೆ, ಬಳಕೆ ಬಿಟ್ಟುಹೋದ ಹಳೆಯ ಕ್ಲೊರಾಂಫೆನಿಕಾಲ್ ಬಿಲ್ಲೆಯ ಸುತ್ತ ಅಗಲವಾದ ವೃತ್ತ ಮತ್ತೆ ಕಾಣುತ್ತಿದೆ.

ಕೊನೆಗೆ ನಮ್ಮ ಪಕ್ಕದ ಆಸ್ಪತ್ರೆಗೆ ಬರುತ್ತೇನೆ. ಹಳೇ ಮದ್ರಾಸ್ ರಸ್ತೆಯಲ್ಲಿ, ಇಂದಿರಾನಗರದ ಅಂಚಿನಲ್ಲಿರುವ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯನ್ನು ಹಲಸೂರಿನವರೆಲ್ಲ ಐಸೊಲೇಷನ್ ಆಸ್ಪತ್ರೆ ಎಂದೇ ಕರೆಯುವುದು. ಆಟೋದವರಿಗೂ ಹಾಗೆಂದರೇ ಗೊತ್ತಾಗುವುದು. ಅಲ್ಲಿಗೆ ಬರುವ ಕಾಯಿಲೆಗಳಲ್ಲಿ ಗಂಟಲುಮಾರಿ, ಅಂದರೆ ಡಿಫ್ತೀರಿಯ, ನನ್ನನ್ನು ಹೆಚ್ಚು ಕಾಡುವಂಥದ್ದು. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಕಿತ್ತರೆ ರಕ್ತ ಬರುತ್ತದೆ, ಕುತ್ತಿಗೆ ಊದುತ್ತದೆ. ಬ್ಯಾಕ್ಟೀರಿಯಾ ಗಂಟಲಲ್ಲೇ ಕೂತಿರುತ್ತದೆ. ಅದು ಬಿಡುವ ನಂಜು ಹೃದಯಕ್ಕೂ ನರಗಳಿಗೂ ಹೋಗುತ್ತದೆ. ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಗಲೇ ರಕ್ತಕ್ಕೆ ಇಳಿದ ನಂಜಿಗೆ ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷವೇ ಬೇಕು. ಅದು ಸುಲಭವಾಗಿ ಸಿಗುವುದಿಲ್ಲ, ತಡವಾದಷ್ಟೂ ಅದರ ಉಪಯೋಗ ಕಡಿಮೆ.

ಪ್ಲೇಗಿನಲ್ಲಿ ಹೆಸರಿದ್ದರೂ ದಾರಿ ಸಿಕ್ಕಿರಲಿಲ್ಲ. ಕಾಲರಾದಲ್ಲಿ ದಾರಿಯಿದ್ದರೂ ಹೆಸರಿರಲಿಲ್ಲ. ಡಿಫ್ತೀರಿಯದಲ್ಲಿ ನೂರು ವರ್ಷಕ್ಕೂ ಮೇಲಾಯಿತು, ಎರಡೂ ಗೊತ್ತು, ಲಸಿಕೆಯೂ ಇದೆ. ಆದರೂ ಮಕ್ಕಳು ಬರುತ್ತಾರೆ. ಎಳೆಗೂಸುಗಳಿಗಿಂತ ಈಗ ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಹೆಚ್ಚು. ಕಾರಣ ಸರಳ: ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದನ್ನು ತಾಯಂದಿರು ಕಾರ್ಡು ಹಿಡಿದು ತಪ್ಪದೆ ಹಾಕಿಸುತ್ತಾರೆ, ಒಂದೂವರೆ ವರ್ಷದ್ದೂ ಆಗುತ್ತದೆ. ಐದು ವರ್ಷದ ಬೂಸ್ಟರ್ ಹೊತ್ತಿಗೆ ಕಾರ್ಡು ಕಳೆದಿರುತ್ತದೆ. ಹತ್ತು ಮತ್ತು ಹದಿನಾರನೇ ವರ್ಷದಲ್ಲಿ ಟಿಡಿ ಎಂಬ ಚುಚ್ಚುಮದ್ದು ಇದೆ ಎನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಲಸಿಕೆಯ ಬಲ ವರ್ಷ ಕಳೆದಂತೆ ಇಳಿಯುತ್ತದೆ, ಬೂಸ್ಟರ್ ಇರುವುದೇ ಅದಕ್ಕೆ.

ಟಿಡಿ ಚುಚ್ಚುಮದ್ದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ. ಧನುರ್ವಾಯುವಿಗೂ ಅದೇ ರಕ್ಷಣೆ. ನಿಮ್ಮ ಮನೆಯಲ್ಲಿ ಐದನೇ ತರಗತಿಯ ಮಗುವೋ ಹತ್ತನೇ ತರಗತಿ ಮುಗಿಸಿದ ಮಗುವೋ ಇದ್ದರೆ ಇವತ್ತು ಹೋದ ಮೇಲೆ ಕಾರ್ಡು ಹುಡುಕಿ. ಸಿಗದಿದ್ದರೂ ಪರವಾಗಿಲ್ಲ, ಕಾರ್ಡಿಲ್ಲದೆಯೂ ಹಾಕುತ್ತಾರೆ. ಮಗುವನ್ನು ಕರೆದುಕೊಂಡು ಹೋಗಿ.